ಸಾವಿರದ ಐನೂರ ಐವತ್ತೈದು

ಅಜ್ಜಿ ಡೊರಿಂಡಾ,
ನಿನ್ನ ಕಿವಿ ಹೋದದ್ದು ಕಡಲಿಂದಲ್ಲ.
ಊರವರು ಹಾಗನ್ನುತ್ತಿದ್ದರು:
ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಚಿಪ್ಪು ಕೆರೆಯುವವಳ
ತಲೆಯೊಳಕ್ಕೆ ಗಲೀಸಿಯಾದ ಗಾಳಿ ಹೊಕ್ಕು
ಒಳಗಿಂದ ಅಗುಳಿ ಹಾಕಿಕೊಂಡಿತೆಂದು.
ನೀನೂ ನಂಬಿದೆ. ಕಡಲಿನ ಮೇಲೆ ಮುನಿದು
ಒಂದಿಡೀ ಚಳಿಗಾಲ ಕುಂಟೆ ಮುಟ್ಟಲಿಲ್ಲವಂತೆ.

ಇಲ್ಲಿ ಸಾಂತಿಯಾಗೊ ಪೇಟೆಯ ನೆಲಮಾಳಿಗೆಯಲ್ಲಿ
ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮು ಹಾಸಿ
ನಿನ್ನ ನೆತ್ತರನ್ನು ಓದುತ್ತಿದ್ದೇವೆ.
ನಾಲ್ಕು ಏಣಿ, ಮಸಿ ಬಳಿದ ಮೆಟ್ಟಿಲು.
ಬ್ರಾಯಿಸ್ ಕೂಗುತ್ತಾನೆ, ನಾನು ಬರೆಯುತ್ತೇನೆ,
ಎ, ಸಿ, ಜಿ, ಟಿ,
ಸಂತೆಯಲ್ಲಿ ಮೀನು ಎಣಿಸಿದಂತೆ.
ಮಧ್ಯೆ ಒಮ್ಮೆ ಅವನಿಗೆ ಸೀನು ಬಂತು,
ಮತ್ತೆ ಮೊದಲಿಂದ.

ಜೀವಕೋಶದೊಳಗೊಂದು ಒಲೆ, ಅಜ್ಜಿ.
ಒಲೆಗೆ ತನ್ನದೇ ಒಂದು ಪುಟ್ಟ ಕಮ್ಮಟ,
ಕಮ್ಮಟದ ಬೆನ್ನುಮೂಳೆ ಒಂದು ನೂಲು.
ಒಂಬೈನೂರ ಐವತ್ತು ಚಿಲ್ಲರೆ ಅಕ್ಷರ, ಅಷ್ಟೆ.
ಅದರ ಹಳೆಯ ದಾಯಾದಿಗಳು ಬ್ಯಾಕ್ಟೀರಿಯಗಳು;
ಅವರ ನೂಲು ಸಾವಿರದೈನೂರು ದಾಟುತ್ತದೆ.
ಇದು ಮಾತ್ರ ಬ್ಯೂನಸ್ ಐರಿಸ್‌ಗೆ ಹಡಗು ಹತ್ತಿದ
ನಿನ್ನ ಅಕ್ಕನ ಹಾಗೆ,
ಒಂದೇ ಪೆಟ್ಟಿಗೆಗೆ ಹಿಡಿಯುವಷ್ಟನ್ನು ಉಳಿಸಿಕೊಂಡು
ಮಿಕ್ಕದ್ದನ್ನೆಲ್ಲ ದಕ್ಕೆಯಲ್ಲೇ ಬಿಟ್ಟು ಬಂತು.
ಚಳಿಯಾದಾಗ ಸೇರಿದ ಮನೆಯವರ ಅಂಗಿಗಳನ್ನೇ
ಒಂದರ ಮೇಲೊಂದು ತೊಟ್ಟುಕೊಂಡಿತು.

ಈ ನೂಲು ನೇರ ನಿಲ್ಲುವುದಿಲ್ಲ.
ತನ್ನ ಮೇಲೆ ತಾನೇ ಮಡಚಿ, ಕುಣಿಕೆಯಾಗಿ,
ಎಲ್ಲೋ ದೂರದ ಅಕ್ಷರ ಎಲ್ಲೋ ದೂರದ್ದರ ಕೈ ಹಿಡಿದು.
ಒಂದು ತಿರುವಿನಲ್ಲಿ ಮಾತ್ರ
ಇತ್ತ ಸಿ, ಅತ್ತ ಎ,
ಬೇಲಿಯಾಚೆ ಈಚೆಯ ಮಾತಿಲ್ಲದ ನೆರೆಯವರು.
ಆ ಸಂದೇ ನಮ್ಮನ್ನು ಕಾಯುತ್ತಿತ್ತು.
ಇದು ದಾಯಾದಿಯಲ್ಲ, ಬೇರೆಯವರ ಮನೆ
ಎಂದು ಮದ್ದಿಗೆ ಹೇಳುತ್ತಿತ್ತು.

ನಿನ್ನಲ್ಲಿ ಆ ಎ ಇಲ್ಲ.
ಮೂರು ಸಲ ನೋಡಿದೆ. ಕನ್ನಡಕ ಒರೆಸಿ ನೋಡಿದೆ.
ಅಲ್ಲಿ ಜಿ ಕೂತಿದೆ.
ಸಿ ಎದುರಿಗೆ ಜಿ: ಒತ್ತಕ್ಷರದಂತೆ
ಒಂದರ ಕಾಲಿಗೆ ಒಂದು ಗಟ್ಟಿಯಾಗಿ ಕಚ್ಚಿಕೊಂಡು.
ರಾಜಿಯಾಗಬಾರದಿದ್ದ ಕಡೆ ರಾಜಿಯಾಗಿ.

ಐವತ್ತಾರರಲ್ಲಿ ನೀನು ನೆತ್ತರು ಕೆಮ್ಮಿದೆ.
ಸೂಜಿಯ ಎಲಾದಿಯೊ ಸೈಕಲ್ ಮೇಲೆ ಬಂದು
ನಿನ್ನ ಹಾಲಿನ ಪಾತ್ರೆಯಲ್ಲೇ ಸಿರಿಂಜು ಕುದಿಸಿ
ಸ್ಟ್ರೆಪ್ಟೊಮೈಸಿನ್ ಚುಚ್ಚಿದ, ದಿನಕ್ಕೊಂದರಂತೆ.
ಒಳ್ಳೆಯವನು, ಕಾಸು ಕೇಳಲಿಲ್ಲ.
ಮದ್ದೂ ಒಳ್ಳೆಯದೇ. ರೋಗಾಣುವಿನ ಗುರುತು ಹುಡುಕುತ್ತ
ಕಿವಿಯ ಶಂಖದೊಳಕ್ಕೆ ಇಳಿದು,
ಅಲ್ಲಿಯ ಕೂದಲೆಳೆ ಕೋಶಗಳ ಒಲೆಗಳಲ್ಲಿ
ಅದೇ ತಿರುವು, ಅದೇ ಬಿಗಿದ ಕೈಗಳನ್ನು ಕಂಡು
ಶತ್ರುವೆಂದೇ ತಿಳಿಯಿತು.
ಇಪ್ಪತ್ತನೆಯ ದಿನ ಕೆಮ್ಮು ನಿಂತಿತು.
ನಿಂತದ್ದು ನಿನಗೆ ಕೇಳಿಸಲಿಲ್ಲ.

ಆಮೇಲೆ ಅಮ್ಮ ಹುಟ್ಟಿದಳು.
ಸಬೇಲಾ ಅಳುತ್ತಿದ್ದಾಳೆಯೇ ಎಂದು ತಿಳಿಯಲು
ರಾತ್ರಿಯೆಲ್ಲ ಅವಳ ಗಂಟಲ ಮೇಲೆ
ಎರಡು ಬೆರಳಿಟ್ಟು ಮಲಗುತ್ತಿದ್ದೆಯಂತೆ.

ಈ ಅಕ್ಷರ ತಾಯಂದಿರ ದಾರಿಯಲ್ಲೇ ನಡೆಯುತ್ತದೆ.
ಅಣ್ಣ ಆನ್ಶೊನಲ್ಲೂ ಇದೆ, ಅವನಲ್ಲೇ ಮುಗಿಯುತ್ತದೆ.
ಅಮ್ಮನಲ್ಲಿದೆ. ನನ್ನಲ್ಲಿದೆ.
ನನ್ನ ಬಸಿರಿಗೆ ಏಳು ತಿಂಗಳು;
ಹೆಣ್ಣೋ ಗಂಡೋ ಕೇಳಿಲ್ಲ, ಇದನ್ನು ಮಾತ್ರ ಕೇಳಬೇಕಿಲ್ಲ.
ಕೆಂಪು ಕಾರ್ಡೊಂದರ ಮೇಲೆ ಬರೆದಿಟ್ಟಿದ್ದೇನೆ,
ಮಗುವಿಗಿನ್ನೂ ಹೆಸರಿಲ್ಲ,
ಕೊಡಬಾರದ ಮದ್ದುಗಳ ಹೆಸರಿದೆ.

ಭಾನುವಾರ ನಿನ್ನ ಅಡುಗೆಮನೆಗೆ ಬಂದೆ.
ತುಟಿ ನೋಡಿ ಮಾತು ತಿಳಿಯುವವಳಿಗೆ
ಮೈಟೊಕಾಂಡ್ರಿಯವನ್ನು ಯಾವ ತುಟಿಯಲ್ಲಿ ಹೇಳಲಿ?
ನಿನ್ನ ಅಂಗೈ ತೆರೆದು ಬೆರಳಲ್ಲಿ ಎ ಬರೆದೆ,
ಅಳಿಸಿದೆ, ಜಿ ಬರೆದೆ.
ಉಪ್ಪಿನಿಂದ ಒಡೆದ ಗೆರೆಗಳ ನಡುವೆ
ಒಂದು ಅಕ್ಷರಕ್ಕೆ ಎಷ್ಟು ಜಾಗ!

ನೀನು ಬಹಳ ಹೊತ್ತು ಅಂಗೈ ನೋಡಿದೆ.
ಆಮೇಲೆ, ನಿನಗೇ ಕೇಳದ ಆ ಒರಟು ಗಟ್ಟಿ ದನಿಯಲ್ಲಿ:
"ಹಾಗಾದರೆ ಕಡಲಲ್ಲವೇನು?"
ಅಲ್ಲ ಎಂದು ತಲೆಯಾಡಿಸಿದೆ.

"ಅಯ್ಯೋ, ಆ ಚಳಿಗಾಲವೆಲ್ಲ ಸುಮ್ಮನೆ ಮುನಿದೆನಲ್ಲ" ಎಂದು
ಬೂಟು ಹುಡುಕಿದೆ, ಕುಂಟೆ ಹೆಗಲಿಗೇರಿಸಿದೆ.
ಇಳಿತ ಶುರುವಾಗಿತ್ತು.